ಎಂಟು ಸಲ ಒಂದೇ ‘ತ’

ಸಿಂಥಸೈಜರ್ ಕೊಳ್ಳುವುದೋ ಸ್ಯಾಂಪ್ಲರ್ ಕೊಳ್ಳುವುದೋ ಎಂಬ ಪ್ರಶ್ನೆ ಅಂಗಡಿಯದು. ಶಬ್ದ ನಿತ್ಯವೋ ಅನಿತ್ಯವೋ ಎಂಬುದು ಪಾಠಶಾಲೆಯದು. ನನ್ನ ಪಾಲಿಗೆ ಎರಡೂ ಒಟ್ಟಿಗೆ ಬಂದು ಕೂತವು. ನಾನು ಹುಡುಗನಾಗಿದ್ದಾಗ ಮೈಸೂರಿನಲ್ಲಿ ನಾಲ್ಕಕ್ಷರ ತರ್ಕ ಓದಿ, ಅದನ್ನು ಅಟ್ಟಕ್ಕೆ ಹಾಕಿ, ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು. ಈಗ ಮಹಡಿಯ ಮೇಲಿನ ಕೋಣೆಯಲ್ಲಿ ದೇವರನಾಮ ರೆಕಾರ್ಡ್ ಮಾಡುವ ಹುಚ್ಚು. ಹಾಡುವವರು ನಮ್ಮ ಬೀದಿಯ ಭಜನಾ ಮಂಡಳಿಯ ಹೆಂಗಸರು, ಹಾರ್ಮೋನಿಯಂ ನನ್ನದು. ಪಕ್ಕವಾದ್ಯದವರು ಸಿಗುವುದೇ ಕಷ್ಟ. ಸಿಕ್ಕರೂ ಅವರಿಗೆ ಬಿಡುವಿದ್ದ ದಿನ ಹೆಂಗಸರಿಗೆ ಮನೆಯಲ್ಲಿ ನೆಂಟರು. ಹೀಗಾಗಿ ಒಂದು ಯಂತ್ರ ಬೇಕಾಯಿತು.

ನನ್ನ ತಮ್ಮನ ಮಗ ಬೆಂಗಳೂರಿನಲ್ಲಿ ಸೌಂಡ್ ಎಂಜಿನಿಯರ್. ಫೋನ್ ಮಾಡಿ ಕೇಳಿದೆ. “ಸಿಂಪಲ್ಲು ದೊಡ್ಡಪ್ಪ. ಸಿಂಥ್ ಇಲ್ಲದ ಶಬ್ದ ಹುಟ್ಟಿಸತ್ತೆ. ಸ್ಯಾಂಪ್ಲರ್ ಇರೋ ಶಬ್ದ ತೋರಿಸತ್ತೆ. ನಿಮಗೆ ಯಾವುದು ಬೇಕು ನೋಡಿ” ಅಂದ. ಅವನಿಗೆ ಗೊತ್ತಿಲ್ಲದೆಯೇ ಎರಡು ಸಾವಿರ ವರ್ಷದ ಜಗಳವನ್ನು ಎರಡು ವಾಕ್ಯದಲ್ಲಿ ಮುಗಿಸಿದ್ದ.

ಶಬ್ದ ಹುಟ್ಟುತ್ತದೆ ಎನ್ನುವವರು ನೈಯಾಯಿಕರು. ಅದಕ್ಕೆ ಮೊದಲೆಂಬುದಿದೆ, ಅದು ಇಂದ್ರಿಯಕ್ಕೆ ಸಿಗುತ್ತದೆ, ಜನ ಅದನ್ನು ಮಾಡಿದ ವಸ್ತುವೆಂದೇ ವ್ಯವಹರಿಸುತ್ತಾರೆ. ಆದ್ದರಿಂದ ಅನಿತ್ಯ ಎಂದು ಗೌತಮನ ನ್ಯಾಯಸೂತ್ರ ವಾದಿಸುತ್ತದೆ. ಮೀಮಾಂಸಕರು ಇದನ್ನು ಒಪ್ಪಲಾರರು. ವರ್ಣ ಎಂದೂ ಇದ್ದೇ ಇದೆ, ಬಾಯಿ ಅದನ್ನು ಪ್ರಕಟಿಸುತ್ತದೆ ಅಷ್ಟೆ, ಬಾಯಿ ಮುಚ್ಚಿದರೆ ಅದು ಮರೆಯಾಗುತ್ತದೆಯೇ ಹೊರತು ಸಾಯುವುದಿಲ್ಲ ಎಂಬುದು ಅವರ ಪಕ್ಷ. ವೇದಕ್ಕೆ ಕರ್ತೃವಿಲ್ಲ ಎಂದು ಸಾಧಿಸಲು ಹೊರಟವರಿಗೆ ಬೇರೆ ದಾರಿಯೂ ಇರಲಿಲ್ಲ ಅನ್ನಿ.

ಮೀಮಾಂಸೆಯ ಜೈಮಿನಿ ಸೂತ್ರಕ್ಕೆ ಭಾಷ್ಯ ಬರೆದ ಶಬರಸ್ವಾಮಿ ಇಲ್ಲೊಂದು ಸೊಗಸಾದ ಯುಕ್ತಿ ಹೂಡುತ್ತಾನೆ. ಒಬ್ಬ ‘ಗೋ’ ಎಂದು ಎಂಟು ಸಲ ಅಂದರೆ, ಎಂಟು ಸಲ ಆ ಶಬ್ದ ಉಚ್ಚರಿಸಿದ ಎನ್ನುತ್ತೇವೆ. ಎಂಟು ಬೇರೆ ಬೇರೆ ‘ಗೋ’ಗಳನ್ನು ಉಚ್ಚರಿಸಿದ ಎಂದು ಯಾರೂ ಹೇಳುವುದಿಲ್ಲ. ಎಣಿಕೆ ಉಚ್ಚಾರಣೆಗೆ, ಶಬ್ದ ಮಾತ್ರ ಒಂದೇ. ನೈಯಾಯಿಕರೇನು ಸುಮ್ಮನಿರುತ್ತಾರೆಯೇ? ನಿನ್ನೆ ಕುಡಿದ ಔಷಧವನ್ನೇ ಇವತ್ತೂ ಕುಡಿದೆ ಅನ್ನುವುದಿಲ್ಲವೇ, ನಿನ್ನೆಯದು ಹೊಟ್ಟೆಯಲ್ಲಿ ಕರಗಿ ಹೋಯಿತಲ್ಲ, ಇವತ್ತಿನದು ಅದೇ ಜಾತಿಯ ಇನ್ನೊಂದು ಅಷ್ಟೆ ಎಂದು ಅವರ ಉತ್ತರ. ವಿಶ್ವನಾಥ ಪಂಚಾನನನ ಕಾರಿಕಾವಳಿಯಲ್ಲಿ ಈ ಔಷಧದ ಮಾತು ಬರುತ್ತದೆ. ಪಾಠಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ಇದಕ್ಕೊಂದು ಪ್ರಯೋಗ ಮಾಡಿ ನೋಡಬಹುದು ಎಂದು ಆಗ ಯಾರಿಗೂ ಹೊಳೆದಿರಲಿಲ್ಲ.

ಯಂತ್ರಗಳ ವಿಷಯಕ್ಕೆ ಬರುತ್ತೇನೆ. 1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಕಟ್ಟಿದ ಸಿಂಥಸೈಜರಿನೊಳಗೆ ಯಾವ ವಾದ್ಯವೂ ಅಡಗಿ ಕೂತಿರಲಿಲ್ಲ. ಆಸಿಲೇಟರ್ ವಿದ್ಯುತ್ತನ್ನು ಅಲುಗಿಸುತ್ತದೆ, ಫಿಲ್ಟರ್ ಅದರಲ್ಲಿ ಬೇಡದ್ದನ್ನು ಸೋಸುತ್ತದೆ, ಸ್ವರ ಎಷ್ಟು ಬೇಗ ಏಳಬೇಕು ಎಷ್ಟು ನಿಧಾನವಾಗಿ ಅಡಗಬೇಕು ಎಂಬುದನ್ನು ಮತ್ತೊಂದು ಭಾಗ ನೋಡಿಕೊಳ್ಳುತ್ತದೆ. 1969ರಲ್ಲೇ ಅಂಥದೊಂದು ಮೂಗ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದಿತ್ತು. ಮುಂಬೈಯ ಚರಣಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ಎಲ್‌ಪಿ ತಂದರು. ಆಗ ಕೇಳುವವರಿರಲಿಲ್ಲ, ಈಗಿನ ಹುಡುಗರು ಹುಡುಕಿಕೊಂಡು ಹೋಗಿ ಕೇಳುತ್ತಾರೆ. ಸ್ಯಾಂಪ್ಲರಿನ ಜಾತಕವೇ ಬೇರೆ. ಸಿಡ್ನಿಯ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ 1979ರಲ್ಲಿ ಹೊರತಂದ ಫೇರ್‌ಲೈಟ್, ಹೊರಗಿನ ಶಬ್ದವನ್ನು ಅಂಕಿಗಳಾಗಿ ನುಂಗಿಕೊಂಡು ಕೀಲಿ ಒತ್ತಿದಾಗ ಬಿಡುತ್ತಿತ್ತು. ಇವತ್ತಿನ ಸಾಧಾರಣ ಸ್ಯಾಂಪ್ಲರೂ ಸೆಕೆಂಡಿಗೆ 44,100 ಸಲ ಶಬ್ದವನ್ನು ಅಳೆದು ಬರೆದಿಡುತ್ತದೆ. ಬ್ಯಾಂಕಿನವನಿಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿ: ಶಬ್ದದ ಲೆಡ್ಜರು.

ಸಿಂಥ್‌ಗಳಲ್ಲಿ ನನಗೆ ಕಾರ್ಗ್ ಮೋನೊಲಾಗ್ ಹಿಡಿಸಿತು. ಸಲಕ್ಕೆ ಒಂದೇ ಸ್ವರ ನುಡಿಯುತ್ತದೆ, 25 ಕೀ. ನಮ್ಮ ಸಂಗೀತಕ್ಕೆ ಇನ್ನೇನು ಬೇಕು? ಸ್ವರಸ್ಥಾನಗಳನ್ನು ಒಂದೊಂದಾಗಿ ತಿದ್ದಿಕೊಳ್ಳುವ ಸೌಕರ್ಯವೂ ಅದರಲ್ಲಿದೆ. ತೋಡಿಯ ಗಾಂಧಾರವನ್ನು ಸ್ಲೈಡರಿನಲ್ಲಿ ಅಲುಗಿಸಿ ನೋಡಿದೆ. ಸಾಧನೆ ಮಾಡಿದರೆ ಬಂದೀತು. ಆದರೆ ನನಗೆ ಬೇಕಾಗಿದ್ದುದು ಮೃದಂಗ, ಸಿಂಥ್ ಮುಗ್ಗರಿಸುವುದು ಅಲ್ಲೇ. ಬಲಗಡೆಯ ಮುಚ್ಚಿಗೆಯ ನಡುವೆ ಕರಣೆ ಇದೆಯಲ್ಲ, ಆ ಕಪ್ಪು ಮೆತ್ತಿಗೆ, ಅದೇ ಇಡೀ ಮೃದಂಗದ ಮರ್ಮ. ಮಾಮೂಲಿ ಡ್ರಮ್ಮಿನ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಕರಣೆಯ ಭಾರದಿಂದ ಮೃದಂಗದವು ತಂತಿವಾದ್ಯದ ಹಾಗೆ ಶ್ರುತಿಗೆ ಕೂಡಿಕೊಳ್ಳುತ್ತವೆ. ಇದನ್ನು ಮೊದಲು ವಿವರಿಸಿದವರು ಸಿ.ವಿ. ರಾಮನ್. 1920ರಲ್ಲಿ ಒಂದು ಟಿಪ್ಪಣಿ, 1934ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದಾಗ ವಿಸ್ತಾರವಾದ ಪ್ರಬಂಧ. ಆ ಕೂಡಿಕೆಯನ್ನು ಆಸಿಲೇಟರಿನಲ್ಲಿ ಕಟ್ಟಲು ಹೋಗಿ ನಾನು ಪಡೆದದ್ದು ಬಿಂದಿಗೆಯ ಶಬ್ದ.

ಹಾಗಾಗಿ ಸ್ಯಾಂಪ್ಲರೇ ಆಯಿತು. ಎಲೆಕ್ಟ್ರಾನ್ ಡಿಜಿಟಾಕ್ಟ್ ಗಟ್ಟಿಮುಟ್ಟಾಗಿತ್ತು, ಆದರೆ ಅದರ ತೆರೆಯ ಅಕ್ಷರ ಓದುವ ವಯಸ್ಸು ನನ್ನದಲ್ಲ. ಅಕಾಯ್ ಎಂಪಿಸಿ ಒನ್ ತಂದೆ: 16 ರಬ್ಬರ್ ಪ್ಯಾಡು, 7 ಇಂಚಿನ ತೆರೆ. ತಯಾರಾಗಿ ಸಿಗುವ ಮೃದಂಗದ ಸ್ಯಾಂಪಲ್‌ಗಳನ್ನು ಹಾಕಿಕೊಳ್ಳಬಹುದಿತ್ತು. ಅದರ ಬದಲು ನಮ್ಮ ಹಿಂದಿನ ಬೀದಿಯ ಮೃದಂಗದ ಮೇಷ್ಟ್ರನ್ನೇ ಕರೆದೆ. ಎಪ್ಪತ್ತು ದಾಟಿದವರು, ಕಚೇರಿ ಬಿಟ್ಟಿದ್ದಾರೆ, ಪಾಠ ಬಿಟ್ಟಿಲ್ಲ.

ಅವರು ಬಂದು ರವೆ ಕಲಸಿ ಎಡ ಮುಚ್ಚಿಗೆಗೆ ಮೆತ್ತಿದರು. ಗೋಡೆಗೆ ಹತ್ತಿ ಹಾಸಿಗೆ ಒರಗಿಸಿ, ಫ್ಯಾನ್ ಆರಿಸಿ, ಮೈಕ್ ಇಟ್ಟೆ. “ಒಂದೊಂದೇ ಅಕ್ಷರ ನುಡಿಸಿ ಮೇಷ್ಟ್ರೇ, ನಾದ ಪೂರ್ತಿ ಅಡಗಿದ ಮೇಲೆ ಇನ್ನೊಂದು” ಅಂದೆ. ಕೈ ಎತ್ತಿದವರು ಹಾಗೇ ಇಳಿಸಿಬಿಟ್ಟರು. “ತಾಳ ಇಲ್ದೆ ಒಂಟಿ ಅಕ್ಷರ ಬಾ ಅಂದ್ರೆ ಬರಲ್ಲ ಸ್ವಾಮಿ.” ಆಮೇಲೆ ಅವರೇ ಉಪಾಯ ಕಂಡುಕೊಂಡರು. ಮನಸ್ಸಿನಲ್ಲೇ ಆದಿತಾಳ ಹಾಕುವುದು, ಸಮಕ್ಕೆ ಮಾತ್ರ ಹೊಡೆಯುವುದು, ಉಳಿದ ಏಳು ಅಕ್ಷರ ಮೌನ. ನಂ. ಏಳು ಅಕ್ಷರ. ದಿಂ. ಏಳು ಅಕ್ಷರ. ಚಾಪು. ಹೆಡ್‌ಫೋನಿನಲ್ಲಿ ನನಗೆ ಅವರ ತುಟಿಯ ಸಪ್ಪಳ ಕೇಳುತ್ತಿತ್ತು. ಕೈಗಿಂತ ಒಂದು ಕೂದಲೆಳೆ ಮೊದಲು ಬಾಯಿ ಆ ಅಕ್ಷರವನ್ನು ಹೇಳಿಯಾಗಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ರವೆ ಒಣಗಿ ಎಡದ ತೊಂಕಾರ ಶ್ರುತಿ ಏರಿತು. ನೀರು ಸವರಿ ಮತ್ತೆ ಇಳಿಸಿದರು.

ಸಂಜೆ, ಶಬರಸ್ವಾಮಿಯನ್ನು ನೆನೆದು, ಒಂದೇ ‘ತ’ವನ್ನು ಒಂದೇ ಬಿರುಸಿನಲ್ಲಿ ಎಂಟು ಸಲ ನುಡಿಸಿ ಎಂದು ಕೇಳಿಕೊಂಡೆ. ನುಡಿಸಿದರು. ಕಿವಿಗೆ ಎಂಟೂ ಒಂದೇ. ತೆರೆಯ ಮೇಲೆ ನೋಡಿದರೆ ಎಂಟೂ ಬೇರೆ: ಒಂದರ ತುದಿ ಚೂಪು, ಇನ್ನೊಂದರ ಬಾಲ ಉದ್ದ, ಮತ್ತೊಂದರಲ್ಲಿ ಉಂಗುರ ಬೆರಳು ಒಂಚೂರು ತಡವಾಗಿ ತಾಗಿದೆ. ಆಮೇಲೆ ಅವುಗಳಲ್ಲಿ ಒಂದನ್ನೇ ಆರಿಸಿ ಪ್ಯಾಡಿಗೆ ಹಾಕಿ, ಒತ್ತಡದ ವ್ಯತ್ಯಾಸ ಗಣನೆಗೆ ಬರದಂತೆ ಮಾಡಿ, ಎಂಟು ಸಲ ಒತ್ತಿದೆ. ಮೇಷ್ಟ್ರ ಮುಖ ಮೂರನೆಯದಕ್ಕೇ ಹುಳ್ಳಗಾಯಿತು. “ಇದು ನಾನಲ್ಲ ಸ್ವಾಮಿ.” ಅಲ್ಲದೆ ಯಾರು? ಅವರದೇ ಕೈ, ಅವರದೇ ಮೃದಂಗ, ಒಂದು ಅಂಕಿ ಆಚೀಚೆ ಆಗಿಲ್ಲ.

ರೆಕಾರ್ಡಿಂಗಿನವರಿಗೆ ಇದು ಹಳೆಯ ತಲೆನೋವು. ಒಂದೇ ಸ್ಯಾಂಪಲ್ ಬೆನ್ನುಬೆನ್ನಿಗೆ ಬಂದರೆ ಅವರು ಅದನ್ನು ಮಷಿನ್‌ಗನ್ ಎನ್ನುತ್ತಾರೆ. ಒಂದು ಅಕ್ಷರಕ್ಕೆ ನಾಲ್ಕೈದು ಬೇರೆ ಬೇರೆ ಹೊಡೆತಗಳನ್ನು ತುಂಬಿ, ಯಂತ್ರ ಅವನ್ನು ಸರದಿಯ ಮೇಲೆ ಬಿಡುವಂತೆ ಮಾಡುವುದು ಇದಕ್ಕೆ ಮದ್ದು. ಆಗ ಕಿವಿ ಸಮಾಧಾನದಿಂದ ಒಂದೇ ‘ತ’ ಎನ್ನುತ್ತದೆ. ನೋಡಿ ಈ ವಿಚಿತ್ರ: ಎಂಟು ಬೇರೆ ಹೊಡೆತಗಳಾದರೆ ನಾವು ಒಂದೇ ಎನ್ನುತ್ತೇವೆ, ನಿಜವಾಗಿ ಒಂದೇ ಆದದ್ದು ಎಂಟು ಸಲ ಬಂದರೆ ಇದೇನೋ ಸುಳ್ಳು ಎನ್ನುತ್ತೇವೆ. ನೈಯಾಯಿಕ ಇಲ್ಲಿ ತೊಡೆ ತಟ್ಟಬಹುದು: ಕಂಡಿರಾ, ಒಂದೇ ಎಂಬ ಗುರುತು ಹಿಡಿಯುವಿಕೆ ಬರೀ ಸಜಾತೀಯತೆಯ ಮೇಲೆ ನಿಂತದ್ದು. ಮೀಮಾಂಸಕನೂ ಸೋಲುವ ಅಸಾಮಿಯಲ್ಲ. ನಿನ್ನ ಯಂತ್ರ ಮರಳಿಸುತ್ತಿರುವುದು ವರ್ಣವನ್ನಲ್ಲ, ಅದನ್ನು ಪ್ರಕಟಿಸುವ ಧ್ವನಿಯನ್ನು. ಧ್ವನಿ ನಿತ್ಯ ಎಂದು ನಾನು ಯಾವಾಗ ಹೇಳಿದೆ ಎಂದು ಕೇಳುತ್ತಾನೆ. ಅಲ್ಲದೆ ಅವನ ನಿತ್ಯತ್ವವೆಲ್ಲ ಮಾತಿನ ವರ್ಣಗಳಿಗೆ, ಚರ್ಮದ ಸದ್ದಿಗಲ್ಲ. ಅನ್ನಂಭಟ್ಟನ ತರ್ಕಸಂಗ್ರಹವೂ ಶಬ್ದವನ್ನು ಎರಡು ಗೂಡಿಗೆ ಹಂಚುತ್ತದೆ: ಭೇರಿಯದ್ದು ಧ್ವನಿ, ಭಾಷೆಯದ್ದು ವರ್ಣ. ಹಾಗಾದರೆ ಕೈಗಿಂತ ಮೊದಲು ತುಟಿಯ ಮೇಲೆ ಬಂದ ಆ ‘ತ’ವನ್ನು ಯಾವ ಗೂಡಿಗೆ ಹಾಕುವುದು? ಮೃದಂಗದ ಅಕ್ಷರಗಳನ್ನು ಬಾಯಲ್ಲೇ ನುಡಿಸುವ ಕೊನ್ನಕ್ಕೋಲು ಕೇಳಿದ್ದರೆ ಅನ್ನಂಭಟ್ಟ ಮೂರನೆಯ ಗೂಡು ಮಾಡುತ್ತಿದ್ದನೋ ಏನೋ. ನನಗಂತೂ, ಎಂಟರಲ್ಲೂ ಒಂದೇ ಆಗಿದ್ದುದು ಮೇಷ್ಟ್ರ ಬಾಯಲ್ಲಿ ಇದ್ದ ಅಕ್ಷರ, ಅದು ನನ್ನ ಮೆಮೊರಿ ಕಾರ್ಡಿಗೆ ಇಳಿದೇ ಇಲ್ಲ ಅನ್ನಿಸಿತು.

ಇದೆಲ್ಲ ವಾದದ ಸುಖ. ನಿದ್ದೆಗೆಡಿಸಿದ ಪ್ರಶ್ನೆ ಬೇರೆಯದು. ಈ ದೇವರನಾಮಗಳು ನಮಗೆ ಪೂಜೆಯ ಅಂಗ. ಮೇಷ್ಟ್ರು ಮನೆಯಲ್ಲಿ ಮಲಗಿದ್ದಾಗ ಅವರ ಕೈ ನಮ್ಮ ಮಹಡಿಯಲ್ಲಿ ದೇವರ ಮುಂದೆ ನುಡಿದರೆ, ಆ ಸೇವೆ ಮಾಡಿದವರು ಯಾರು? ಫಲ ಯಾರಿಗೆ?

ಮೀಮಾಂಸಾಶಾಸ್ತ್ರದ ಮೂರನೆಯ ಅಧ್ಯಾಯದಲ್ಲಿ ಇಂಥ ವಿಚಾರವೇ ಇದೆ. ಯಾಗ ಮಾಡುವವರು ಋತ್ವಿಜರು, ಸ್ವರ್ಗ ಮಾತ್ರ ಯಜಮಾನನಿಗೆ. ಹೇಗೆಂದರೆ ದಕ್ಷಿಣೆ ಕೊಟ್ಟು ಅವರ ಕೆಲಸವನ್ನು ಆತ ಕೊಂಡುಕೊಂಡಿದ್ದಾನೆ; ಪರಿಕ್ರಯ ಎಂದೇ ಅದಕ್ಕೆ ಹೆಸರು. ಸ್ಯಾಂಪಲ್ ಮಾರುವ ಕಂಪನಿಗಳೂ ಇದನ್ನೇ ಹೇಳುತ್ತವೆ: ನುಡಿಸಿದವನಿಗೆ ಒಂದು ಸಲ ದುಡ್ಡು ಕೊಟ್ಟಾಗಿದೆ, ರಾಯಲ್ಟಿ ಬೇಕಿಲ್ಲ, ನೀವು ಏನು ಬೇಕಾದರೂ ಮಾಡಿಕೊಳ್ಳಿ. ಆದರೆ ಋತ್ವಿಜ ತನ್ನನ್ನು ಮಾರಿಕೊಂಡದ್ದು ಒಂದು ಯಾಗಕ್ಕೆ. ಮುಂದಿನ ವರ್ಷ ಮತ್ತೆ ಕರೆಯಬೇಕು, ಮತ್ತೆ ದಕ್ಷಿಣೆ ಎತ್ತಬೇಕು. ಒಂದೇ ದಕ್ಷಿಣೆಗೆ ಕಡೆಯಿಲ್ಲದ ಯಾಗ ಎಂಬುದನ್ನು ಜೈಮಿನಿ ಕಂಡಿರಲಿಲ್ಲ.

ಇದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಒಂದು ಅಮೆರಿಕನ್ ಕಥೆ ಸಾಕು. 1969ರಲ್ಲಿ ವಿನ್‌ಸ್ಟನ್ಸ್ ಎಂಬ ತಂಡ ‘ಆಮೆನ್, ಬ್ರದರ್’ ಎಂಬ ಹಾಡಿಲ್ಲದ ಸಂಗೀತವೊಂದನ್ನು ಮುದ್ರಿಸಿತು. ಅದರ ಮೂಲ ಚರ್ಚಿನ ಗಾಯನದ ಮಟ್ಟು. ನಡುವೆ ಆರೇಳು ಸೆಕೆಂಡು ಉಳಿದವರೆಲ್ಲ ಸುಮ್ಮನಾಗಿ ಜಿ.ಸಿ. ಕೋಲ್‌ಮನ್ ಒಬ್ಬರೇ ಡ್ರಮ್ ನುಡಿಸುತ್ತಾರೆ. ಸ್ಯಾಂಪ್ಲರ್ ಬಂದ ಮೇಲೆ ಆ ಆರೇಳು ಸೆಕೆಂಡು ಸಾವಿರಾರು ಹಾಡುಗಳ ಬೆನ್ನೆಲುಬಾಯಿತು. ಲಂಡನ್ನಿನ ಜಂಗಲ್ ಸಂಗೀತ ಹೆಚ್ಚುಕಡಿಮೆ ಅದರ ಮೇಲೇ ನಿಂತಿತು. ಕೋಲ್‌ಮನ್‌ಗೆ ಅದರಿಂದ ಒಂದು ಕಾಸೂ ಬರಲಿಲ್ಲ. 2006ರಲ್ಲಿ ಅಟ್ಲಾಂಟಾದಲ್ಲಿ ಅವರು ತೀರಿಕೊಂಡಾಗ ಇರಲು ಮನೆಯೂ ಇರಲಿಲ್ಲ. 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ತಂಡದ ಯಜಮಾನ ರಿಚರ್ಡ್ ಸ್ಪೆನ್ಸರ್‌ಗೆ 24,000 ಪೌಂಡ್ ತಲುಪಿಸಿದರು. ಡ್ರಮ್ ನುಡಿಸಿದವರು ಅಷ್ಟರಲ್ಲಿ ಹೋಗಿ ಒಂಬತ್ತು ವರ್ಷವಾಗಿತ್ತು.

ನಮ್ಮ ಬೀದಿಯಲ್ಲಿ ಬೆಳಗಿನ ಜಾವ ಕೊಕ್ಕೆ ಕೋಲು ಹಿಡಿದು ಕಂಡವರ ಕಾಂಪೌಂಡಿನ ದಾಸವಾಳ ಕೀಳುವವರಿದ್ದಾರೆ. ಕದ್ದ ಹೂವಿನಲ್ಲಿ ಪೂಜೆ ಮಾಡಿದರೆ ಪುಣ್ಯ ಗಿಡದವರಿಗೆ ಎಂದು ನನ್ನ ಹೆಂಡತಿ ಅವರಿಗೆ ಕೇಳುವ ಹಾಗೇ ಹೇಳುತ್ತಾಳೆ. ಈ ಲೆಕ್ಕವನ್ನು ಮೇಷ್ಟ್ರ ಮುಂದಿಟ್ಟೆ. “ಹಾಗಾದ್ರೆ ಒಳ್ಳೇದೇ ಆಯ್ತಲ್ಲ, ಪುಣ್ಯ ನನಗೆ, ಮಷೀನು ನಿಮಗೆ” ಎಂದು ನಕ್ಕರು.

ಈ ಋಣದ ರಗಳೆಯೇ ಬೇಡ, ಯಾರದೂ ಅಲ್ಲದ ಶಬ್ದ ಸಿಂಥ್‌ನಲ್ಲಿ ಸಿಗುತ್ತದಲ್ಲ, ಅಪೌರುಷೇಯ ನಾದ, ಅದೇ ದೇವರಿಗೆ ಶುದ್ಧ ಎಂದು ತಮ್ಮನ ಮಗ ಕೀಟಲೆ ಮಾಡಿದ. ಅದೂ ನಿಲ್ಲುವ ಮಾತಲ್ಲ. 1983ರ ಯಮಾಹ ಡಿಎಕ್ಸ್7 ತೆಗೆದುಕೊಳ್ಳಿ. ಅದರೊಳಗಿನ ಎಫ್‌ಎಂ ವಿಧಾನ ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ ಕಂಡುಹಿಡಿದದ್ದು. ಜಗತ್ತೆಲ್ಲ ಕೇಳಿದ ಅದರ ಸಿದ್ಧ ಶಬ್ದಗಳನ್ನು ಡೇವ್ ಬ್ರಿಸ್ಟೋ, ಗ್ಯಾರಿ ಲ್ಯೂಯೆನ್‌ಬರ್ಗರ್ ಎಂಬ ಮನುಷ್ಯರು ಕೂತು ಕಟ್ಟಿದ್ದು. ನಮ್ಮ ಭಜನೆಗೆ ಶ್ರುತಿ ಹಿಡಿಯುವ ಎಲೆಕ್ಟ್ರಾನಿಕ್ ತಂಬೂರಿ ಇದೆ. ಅದರ ಹಿಂದೆ ಬೆಂಗಳೂರಿನ ರಾಡೆಲ್‌ನ ಜಿ. ರಾಜ್ ನಾರಾಯಣ್ ಇದ್ದಾರೆ, ಎಂಜಿನಿಯರೂ ಹೌದು, ವೇಣುವಾದಕರೂ ಹೌದು. ಯಾರದೂ ಅಲ್ಲದ ಶಬ್ದ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಂಥ್‌ನಲ್ಲಿ ಋಣ ಕಾಣುವುದಿಲ್ಲ, ಸ್ಯಾಂಪ್ಲರಿನಲ್ಲಿ ಕಾಣುತ್ತದೆ. ಕಾಣುವ ಸಾಲ ವಾಸಿ ಎಂಬುದು ನನ್ನ ಕಸುಬಿನಿಂದ ಬಂದ ಬುದ್ಧಿ. ಸ್ಯಾಂಪ್ಲರ್ ಇಟ್ಟುಕೊಂಡದ್ದಕ್ಕೆ ಕರಣೆಗಿಂತ ಇದೇ ದೊಡ್ಡ ಕಾರಣ.

ಕಾಣುವುದು ಶುರುವಾದರೆ ಮಾತ್ರ ಅದು ಮೇಷ್ಟ್ರ ಹತ್ತಿರ ನಿಲ್ಲುವುದಿಲ್ಲ. ಮೃದಂಗದ ಮುಚ್ಚಿಗೆಗೆ ಹಸುವಿನ, ಆಡಿನ, ಎಮ್ಮೆಯ ಚರ್ಮ ಬೇಕು. ಅದನ್ನು ಹದಮಾಡಿ, ಬಿಗಿದು, ಕರಣೆ ಹಾಕಿ ನಾದ ಬರಿಸುವವರು ತಲೆಮಾರುಗಳಿಂದ ಯಾವ ಜಾತಿಯವರು, ಅವರನ್ನು ವಿದ್ವಾಂಸರು ಎಲ್ಲಿ ನಿಲ್ಲಿಸಿ ಮಾತಾಡಿಸಿದರು ಎಂಬುದನ್ನು ಟಿ.ಎಂ. ಕೃಷ್ಣ 2020ರ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಪುಸ್ತಕದಲ್ಲಿ ತಮಿಳುನಾಡಿನ ಕುಟುಂಬಗಳ ಮನೆಗೆ ಹೋಗಿ ಕೇಳಿ ಬರೆದಿದ್ದಾರೆ. ನಮ್ಮ ದೇವರ ಮನೆಯ ಹೊಸ್ತಿಲೊಳಗೆ ಆ ಚರ್ಮ ನಿರಾತಂಕವಾಗಿ ಬಂದು ಕೂತಿದೆ. ಬಿಗಿದವನು ಬಂದದ್ದಿಲ್ಲ. ಇದಕ್ಕೆ ಶಬರಸ್ವಾಮಿಯಲ್ಲಿ ಉತ್ತರ ಹುಡುಕುವುದು ತಲೆತಪ್ಪಿಸಿಕೊಳ್ಳುವ ಉಪಾಯ. ಮೇಷ್ಟ್ರ ಮೃದಂಗ ಬಿಗಿಯುವವರ ವಿಳಾಸ ಇಸಿದುಕೊಂಡಿದ್ದೇನೆ. ಮೇಷ್ಟ್ರ ಹೊಡೆತಕ್ಕೆ ನಾನು ಕೊಡುವ ದಕ್ಷಿಣೆಯಲ್ಲಿ ಅವರಿಗೆ ಎಷ್ಟು ಪಾಲು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಮೇಷ್ಟ್ರಿಗೆ ಈ ಮಾತು ಅಷ್ಟು ರುಚಿಸಿಲ್ಲ ಎಂದೂ ಹೇಳಿಬಿಡುತ್ತೇನೆ.

ಋಣವೇ ಇಲ್ಲದ ನಾದ ನಮ್ಮ ಬಡಾವಣೆಯ ಗುಡಿಯಲ್ಲೊಂದಿದೆ. ಮಂಗಳಾರತಿಯ ಹೊತ್ತಿಗೆ ಅರ್ಚಕರು ಸ್ವಿಚ್ ಹಾಕುತ್ತಾರೆ. ಮೋಟಾರು ತಿರುಗಿ, ಕೋಲುಗಳೆದ್ದು ನಗಾರಿ, ಜಾಗಟೆ, ಗಂಟೆ ಒಟ್ಟಿಗೆ ಬಡಿದುಕೊಳ್ಳುತ್ತವೆ. ಸಂಬಳಕ್ಕೆ ಜನ ಸಿಗುವುದಿಲ್ಲ ಎಂಬ ಅವರ ಕಷ್ಟ ನಿಜ. ಗಂಟೆ ಬಾರಿಸುವಾಗ ಹೇಳುವ ಶ್ಲೋಕದ ತಾತ್ಪರ್ಯ ದೇವತೆಗಳು ಬರಲಿ, ರಾಕ್ಷಸರು ತೊಲಗಲಿ ಎಂದು. ಮೋಟಾರಿನ ಗದ್ದಲದಲ್ಲಿ ಶ್ಲೋಕ ಕೇಳುವುದಿಲ್ಲ, ಇಬ್ಬರಲ್ಲಿ ಯಾರಿಗೆ ಯಾವ ಸೂಚನೆ ಹೋಯಿತೋ! ಅದನ್ನು ನಾನು ಮಷಿನ್‌ಗನ್ ಅಂದರೆ ಅರ್ಚಕರಿಗೆ ಬೇಜಾರಾಗುತ್ತದೆ, ಅದಕ್ಕೇ ಅಂದಿಲ್ಲ.

ಮೇಷ್ಟ್ರಿಗೂ ನನಗೂ ಒಂದು ಕರಾರು ಆಗಿದೆ, ಬಿಳಿ ಹಾಳೆಯ ಮೇಲೆ, ನನ್ನ ಕೈಬರಹದಲ್ಲಿ. ಅವರ ಅಕ್ಷರಗಳು ನುಡಿದ ಪ್ರತಿ ಹೊಸ ದೇವರನಾಮಕ್ಕೂ ತಾಂಬೂಲದ ಜೊತೆ ದಕ್ಷಿಣೆ. ಬೇರೆಯವರಿಗೆ ಕಾಪಿ ಕೊಡಕೂಡದು. ಹೆಸರು ಹಾಕಬೇಕು. ಇಷ್ಟಕ್ಕೆ ತಲೆಯಾಡಿಸಿದ ಮೇಲೆ ಅವರು ಒಂದು ಪ್ರಶ್ನೆ ಎತ್ತಿದರು. “ನಾನು ಹೋದ್ಮೇಲೆ ಹತ್ತು ದಿನ ನಮ್ಮನೇಲಿ ಯಾರೂ ದೇವರ ದೀಪ ಹಚ್ಚಂಗಿಲ್ಲ. ನನ್ನ ಕೈ ಮಾತ್ರ ನಿಮ್ಮನೇಲಿ ದೇವರ ಮುಂದೆ ನುಡೀತಾ ಇರತ್ತಾ ಸ್ವಾಮಿ?”

ಸೂತಕ ದಾಯಾದಿಗಳಿಗೆ, ಶಬ್ದಕ್ಕಲ್ಲ ಎಂದೆ. ಮಗನಿಗೆ ಉಂಟು, ನನ್ನ ಕೈಗೆ ಇಲ್ಲ ಅಂದರೆ ಅದು ಯಾವ ನ್ಯಾಯ ಎಂದು ಕೇಳಿದರು. ಕಮಲಾಕರ ಭಟ್ಟನ 1612ರ ನಿರ್ಣಯಸಿಂಧುವಿನಲ್ಲಿ ಯಾರು ಯಾರಿಗೆ ಎಷ್ಟು ದಿನ ಎಂಬ ಉದ್ದದ ಪಟ್ಟಿಯೇ ಇದೆ, ಎಂಪಿಸಿಯ ಪ್ರಸ್ತಾಪ ಮಾತ್ರ ಇಲ್ಲ. ಕೊನೆಗೆ ಆ ಹತ್ತು ದಿನ ಪ್ಯಾಡ್ ಮುಟ್ಟುವುದಿಲ್ಲ ಎಂದು ನಾಲ್ಕನೆಯ ಕಲಮು ಬರೆದೆವು. ಜಗಳ ಉಳಿದಿರುವುದು, ಆಗಲೇ ರೆಕಾರ್ಡ್ ಆಗಿ ಜನರ ಫೋನಿನಲ್ಲಿರುವ ಹಾಡುಗಳದ್ದು. ಮೇಷ್ಟ್ರ ಪ್ರಕಾರ ಅದು ಮುಗಿದುಹೋದ ಪೂಜೆ, ಸೂತಕ ತಟ್ಟದು. ನನ್ನ ಪ್ರಕಾರ ಯಾರು ಯಾವಾಗ ಪ್ಲೇ ಒತ್ತಿದರೂ ಅದು ಆಗ ಹುಟ್ಟಿದ ಶಬ್ದ. ನೈಯಾಯಿಕನ ಪಕ್ಷ ಹಿಡಿದದ್ದಕ್ಕೆ ನಾಲ್ಕನೆಯ ಕಲಮು ಇನ್ನೂ ಪೆನ್ಸಿಲಿನಲ್ಲೇ ಇದೆ. ಬರುವ ಭಾನುವಾರ ಮೇಷ್ಟ್ರು ಮಗನನ್ನು ಕರೆತರುತ್ತಾರಂತೆ, ಅವನು ವಕೀಲ.